ಮಂಗನಬಾವಿನ ಲೆಕ್ಕದಲ್ಲಿ ಮನೆಯವರೆಂದರೆ ಯಾರು?

2024ರಲ್ಲಿ ಕೇರಳದಲ್ಲಿ ಮಂಗನಬಾವು ಹಬ್ಬಿದ್ದಾಗ, ಮಗುವೊಂದಕ್ಕೆ ಬಂದ ಸೋಂಕು ಅದೇ ಮನೆಯ ಎಷ್ಟು ಮಂದಿಗೆ ತಗಲುತ್ತದೆ ಎಂದು ತಿಳಿಯಲು ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ ಕಡೆಯ ಮನೆಗಳಿಗೆ ಹೋಗುತ್ತಿದ್ದೆ. ತುಂಬಿಸಬೇಕಾದ ಪ್ರಶ್ನೆಗಳ ನಮೂನೆ ಮಲಯಾಳದಲ್ಲಿತ್ತು, ಅದರಲ್ಲಿದ್ದ ‘ಮುಂಡಿನೀರ್’ ಎಂಬ ಹೆಸರಿಗೆ ಸುಮ್ಮನಿದ್ದವರೂ ‘ಕೆಪ್ಪಟರಾಯ’ ಎಂದೊಡನೆ ಕಿವಿಯ ಕೆಳಗೆ ಕೈಯಿಟ್ಟು ತೋರಿಸುತ್ತಿದ್ದರು.

ಮೊದಲ ವಾರ ರೇಷನ್ ಕಾರ್ಡನ್ನು ನಂಬಿ ಎಡವಿದೆ. ಒಂದು ಮನೆಯ ಕಾರ್ಡಿನಲ್ಲಿ ಎಂಟು ಹೆಸರುಗಳಿದ್ದವು, ಬಾವು ಬಂದದ್ದು ಇಬ್ಬರು ಮಕ್ಕಳಿಗೆ. ಎಂಟರಲ್ಲಿ ಎರಡು ಎಂದು ಬರೆದುಕೊಂಡು ಬಂದೆ. ಮತ್ತೆ ಹೋಗಿ ವಿಚಾರಿಸಿದಾಗ ತಂದೆಯೂ ಚಿಕ್ಕಪ್ಪನೂ ಶಾರ್ಜಾದಲ್ಲಿದ್ದರು, ದೊಡ್ಡ ಮಗಳು ಮಂಗಳೂರಿನ ಹಾಸ್ಟೆಲಿನಲ್ಲಿದ್ದಳು. ಅಲ್ಲಿ ಉಂಡು ಮಲಗುವವರು ಐವರೇ. ರೋಗವನ್ನು ಮೊದಲು ಮನೆಗೆ ತಂದ ಮಗುವನ್ನು ಅಂಶದಲ್ಲಾಗಲಿ ಛೇದದಲ್ಲಾಗಲಿ ಸೇರಿಸುವಂತಿಲ್ಲ. ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಅಜ್ಜಿ, "ನನಗೆ ಮದುವೆಗೆ ಮೊದಲೇ ಎರಡೂ ಬದಿ ಬಾತಿತ್ತು ಮಗಾ" ಎಂದರು. ಒಮ್ಮೆ ಬಂದವರಿಗೆ ಮತ್ತೆ ಬರುವುದು ಅಪರೂಪವಾದ್ದರಿಂದ ಅವರನ್ನೂ ಕೈಬಿಟ್ಟೆ. ಎಂಟರಲ್ಲಿ ಎರಡು, ಅಂದರೆ ನಾಲ್ಕರಲ್ಲೊಂದು ಎಂದಿದ್ದದ್ದು ಉಳಿದ ಮೂವರ ಲೆಕ್ಕದಲ್ಲಿ ಮೂರರಲ್ಲೊಂದಾಯಿತು.

ಮಂಗನಬಾವಿನ ಲಸಿಕೆ ಯಾರಿಗೆ ಆಗಿದೆ ಎಂದು ತಿಳಿಯಲು ಲಸಿಕೆಯ ಕಾರ್ಡನ್ನೂ ಅಕ್ಷರ ಅಕ್ಷರವಾಗಿ ನೋಡಬೇಕಾಯಿತು. ಸರಕಾರಿ ಕಾರ್ಯಕ್ರಮದ ಎಂ.ಆರ್. ಲಸಿಕೆ ದಡಾರ ಮತ್ತು ರುಬೆಲ್ಲಾಗಳಿಗೆ ಮಾತ್ರ. ಮಂಗನಬಾವಿನ ಅಂಶವಿರುವುದು ಎಂ.ಎಂ.ಆರ್.ನಲ್ಲಿ. "ಎಲ್ಲ ಇಂಜೆಕ್ಷನ್ ಕೊಡಿಸಿದ್ದೇವೆ" ಎಂಬ ತಾಯಂದಿರ ಮಾತು ನಿಜವೇ ಆಗಿದ್ದರೂ ನನ್ನ ಪ್ರಶ್ನೆಗೆ ಉತ್ತರವಾಗಿರಲಿಲ್ಲ.

ಇನ್ನು ಬಾವು ಕಂಡ ದಿನಾಂಕ ಕೇಳಿದರೆ ಹೆಚ್ಚಿನವರಿಗೆ ನೆನಪಿರುತ್ತಿರಲಿಲ್ಲ; ‘ಕುಂಬಳೆ ಬೆಡಿಯ (ಅಲ್ಲಿನ ದೇವಸ್ಥಾನದ ಜಾತ್ರೆಯ ಸುಡುಮದ್ದಿನ) ಮರುದಿನ’ ಎಂಬಂತಹ ಗುರುತು ಹಿಡಿದು ಕ್ಯಾಲೆಂಡರಿನಲ್ಲಿ ಹುಡುಕುತ್ತಿದ್ದೆ. ಸೋಂಕು ತಗಲಿ ಬಾವು ಕಾಣಲು 12ರಿಂದ 25 ದಿನ, ಸಾಮಾನ್ಯವಾಗಿ 16ರಿಂದ 18 ದಿನ ಬೇಕು. ಹಾಗಾಗಿ ಮೂರೇ ದಿನಗಳ ಅಂತರದಲ್ಲಿ ಅಣ್ಣ ತಂಗಿಯರಿಬ್ಬರ ಕೆನ್ನೆ ಊದಿದ್ದ ಇನ್ನೊಂದು ಮನೆಯಲ್ಲಿ, ಅಣ್ಣನಿಂದಲೇ ತಂಗಿಗೆ ಬಂತೆಂದು ತಾಯಿ ಎಷ್ಟು ಹೇಳಿದರೂ ನಾನು ಒಪ್ಪಲಿಲ್ಲ. ಇಬ್ಬರೂ ಒಂದೇ ಶಾಲೆಗೆ ಹೋಗುವವರಾದ್ದರಿಂದ ಹೊರಗೇ ತಗಲಿಸಿಕೊಂಡಿರಬೇಕೆಂದು ಬಗೆದು, ಇಬ್ಬರನ್ನೂ ಮೊದಲ ರೋಗಿಗಳೆಂದೇ ದಾಖಲಿಸಿದೆ. ಮಾರ್ಗದರ್ಶಕರು ಆ ಪುಟದಲ್ಲಿ ಮಾತ್ರ ಕೆಂಪು ಗೀರು ಎಳೆಯಲಿಲ್ಲ.

ಸೋಂಕಿದ್ದೂ ಬಾವು ಬಾರದವರನ್ನು ಪ್ರಯೋಗಾಲಯದ ಪರೀಕ್ಷೆಯಿಲ್ಲದೆ ಗುರುತಿಸುವುದು ಸಾಧ್ಯವಿಲ್ಲ, ನಾನು ಅಂಥ ಪರೀಕ್ಷೆ ಮಾಡಿಸಿರಲಿಲ್ಲ. ಆದ್ದರಿಂದ ವರದಿಯ ಶೀರ್ಷಿಕೆಯಲ್ಲಿದ್ದ ‘ಸೋಂಕಿನ ಪ್ರಮಾಣ’ ಎಂಬುದನ್ನು ಹೊಡೆದುಹಾಕಿ ‘ಬಾವು ಕಂಡವರ ಪ್ರಮಾಣ’ ಎಂದು ತಿದ್ದಿ ಒಪ್ಪಿಸಿದೆ.