ಇನ್‌ಫಾರ್ಮಿಕ್ಸ್‌ನಿಂದ ಮುಕ್ಕಾಲು ಪಾಲು ಹೊರಬಂದ ನನ್ನ ಅನುಭವ

"ಹೋದರೆ ಪೂರ್ತಿ ಹೋಗಿ, ಇಲ್ಲಾಂದ್ರೆ ಸುಮ್ನೆ ಇದ್ದುಬಿಡಿ ಸರ್. ಎರಡು ದೋಣಿಯಲ್ಲಿ ಕಾಲಿಟ್ಟರೆ ಮುಳುಗ್ತೀರಿ." ಇನ್‌ಫಾರ್ಮಿಕ್ಸ್ ಎಂಬ ಹಳೆಯ, ಲೈಸೆನ್ಸ್ ಕಟ್ಟಿ ಬಳಸುವ ಡೇಟಾಬೇಸಿನಿಂದ ಹೊರಬರುವ ಕೆಲಸಕ್ಕೆ ಕೈ ಹಾಕಿದಾಗ ಹೀಗೆ ಹೇಳದವರೇ ಇರಲಿಲ್ಲ. ಮೂರು ವರ್ಷವಾಯಿತು. ಕಾಲು ಈಗಲೂ ಎರಡು ದೋಣಿಯಲ್ಲೇ ಇದೆ, ಮುಳುಗಿಲ್ಲ. ವರ್ಷದ ಬಿಲ್ಲು ಮಾತ್ರ ಇಳಿದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸೋತ ಕಥೆ. ಎಲ್ಲರಂತೆ ನಾನೂ ಒಂದೇ ಏಟಿಗೆ ಲೈಸೆನ್ಸ್ ಹಣವಿಲ್ಲದ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಹಾರಲು ಹೋಗಿದ್ದೆ. ಹೊರಗಿನ ಮೂವರನ್ನು ಐದು ತಿಂಗಳು ಕೂರಿಸಿ ಇನ್‌ಫಾರ್ಮಿಕ್ಸ್‌ನ ಒಳಗೇ ಓಡುವ ಎಸ್‌ಪಿಎಲ್ ಪ್ರೊಸೀಜರ್‌ಗಳನ್ನೆಲ್ಲ ಹೊಸದಾಗಿ ಬರೆಸಿದೆ. ಅದಕ್ಕೆ ಹೋದ ಹಣದಲ್ಲಿ ಹೆಚ್ಚುಕಮ್ಮಿ ಒಂದೂವರೆ ವರ್ಷದ ಲೈಸೆನ್ಸ್ ರಿನ್ಯೂವಲ್ ಕಟ್ಟಬಹುದಿತ್ತು. ಶುಕ್ರವಾರ ರಾತ್ರಿ, ಡೇಟಾಬೇಸನ್ನೆಲ್ಲ ಫೈಲ್‌ಗಳಿಗೆ ಇಳಿಸುವ ಡಿಬಿಎಕ್ಸ್‌ಪೋರ್ಟ್ ಹಾಕಿದೆವು. ಅದು ಡೇಟಾಬೇಸನ್ನು ಎಕ್ಸ್‌ಕ್ಲೂಸಿವ್ ಆಗಿ ಹಿಡಿದುಕೊಳ್ಳುತ್ತದೆ, ಹಾಗಾಗಿ ಅಷ್ಟು ಹೊತ್ತೂ ಎಲ್ಲ ಬಂದ್. ಸುಮಾರು 400 ಜಿಬಿ. ಆ ಕಡೆ ಲೋಡ್ ಆಗಲು ಮೂವತ್ತು ಗಂಟೆ ದಾಟಿತು.

ಲೋಡ್ ಏನೋ ಆಯಿತು, ಲೆಕ್ಕ ತಾಳೆಯಾಗಲಿಲ್ಲ. ಹೀಗೆ ಇಳಿಸಿದ ಅನ್‌ಲೋಡ್ ಫೈಲಿನಲ್ಲಿ ನಲ್ (ಮೌಲ್ಯವೇ ಇಲ್ಲ ಎಂಬ ಗುರುತು) ಇದ್ದರೆ ಎರಡು ಪೈಪ್ (|) ನಡುವೆ ಏನೂ ಇರುವುದಿಲ್ಲ. ಖಾಲಿ ವಾರ್‌ಚಾರ್ (ಅಕ್ಷರಗಳ ಕಾಲಂ) ಇದ್ದರೆ ಬ್ಯಾಕ್‌ಸ್ಲ್ಯಾಷ್ ಮತ್ತು ಒಂದು ಸ್ಪೇಸ್. ನಮ್ಮ ಸ್ಕ್ರಿಪ್ಟ್ ಎರಡನ್ನೂ ನಲ್ ಮಾಡಿ ಕೂತಿತ್ತು. ಕೊನೆಯಲ್ಲಿ ಸ್ಪೇಸ್ ಉಳಿದಿದ್ದ ಕೋಡ್‌ಗಳು ಇನ್‌ಫಾರ್ಮಿಕ್ಸ್‌ನಲ್ಲಿ ಇಪ್ಪತ್ತು ವರ್ಷ ಬೇರೆ ಟೇಬಲ್‌ನ ಕೋಡ್ ಜೊತೆ ಸರಿಯಾಗಿ ಜಾಯಿನ್ ಆಗುತ್ತಿದ್ದವು, ಪೋಸ್ಟ್‌ಗ್ರೆಸ್ ವಾರ್‌ಚಾರ್‌ನಲ್ಲಿ ಆಗಲಿಲ್ಲ. ಇವೆಲ್ಲ ಕಣ್ಣಿಗೆ ಬೀಳುವ ತಪ್ಪುಗಳು, ತಿದ್ದಿದೆವು. ಕೊಂದದ್ದು ಭಾಗಾಕಾರ. ಇನ್‌ಫಾರ್ಮಿಕ್ಸ್‌ನಲ್ಲಿ 5ನ್ನು 2ರಿಂದ ಭಾಗಿಸಿದರೆ 2.5 ಬರುತ್ತದೆ, ಪೋಸ್ಟ್‌ಗ್ರೆಸ್‌ನಲ್ಲಿ ಎರಡೂ ಇಂಟಿಜರ್ (ಪೂರ್ಣಾಂಕ) ಆದರೆ 2. ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಸ್ಟಾಕ್ ಲೆಕ್ಕ ಮಾತ್ರ ಸದ್ದಿಲ್ಲದೆ ಕರಗುತ್ತಿತ್ತು. ಭಾನುವಾರ ರಾತ್ರಿ ಹನ್ನೊಂದಕ್ಕೆ ಎಲ್ಲ ಬಿಟ್ಟು ಹಳೆಯ ಸರ್ವರ್ ಎಬ್ಬಿಸಿದೆ. ತಪ್ಪು ಯಾವ ಡೇಟಾಬೇಸಿನದೂ ಅಲ್ಲ. ಪರೀಕ್ಷೆಗೆ ಚಿಕ್ಕ ಸ್ಯಾಂಪಲ್ ಇಟ್ಟುಕೊಂಡಿದ್ದು ನಾನು.

ಆಮೇಲೆ ಒಂದು ವರ್ಷ ಆ ವಿಷಯ ಎತ್ತಲು ನನಗೇ ಮುಖವಿರಲಿಲ್ಲ. ಆ ಹೊತ್ತಿನಲ್ಲಿ ಮಾಡಿದ ಒಂದೇ ಒಳ್ಳೆಯ ಕೆಲಸವೆಂದರೆ ಎಣಿಕೆ. ಐದು ನಿಮಿಷಕ್ಕೊಮ್ಮೆ, ಸರ್ವರ್‌ನ ಸ್ಥಿತಿ ತೋರಿಸುವ ಆನ್‌ಸ್ಟ್ಯಾಟ್‌ನಿಂದ ಸೆಷನ್ (ಯಾರು ಒಳಗಿದ್ದಾರೆ) ಮತ್ತು ಎಸ್‌ಕ್ಯೂಎಲ್ (ಏನು ಕೇಳುತ್ತಿದ್ದಾರೆ) ತೆಗೆದು ಇಟ್ಟೆ, ಮೂರು ತಿಂಗಳು. ತಿಂಗಳ ಕೊನೆ, ತ್ರೈಮಾಸಿಕದ ಕೊನೆ ಎರಡೂ ಸಿಗಬೇಕು, ಇಲ್ಲದಿದ್ದರೆ ಆ ಎಣಿಕೆ ದಂಡ. ಸುಮಾರು 900 ಟೇಬಲ್‌ಗಳಲ್ಲಿ ದಿನವೂ ಬರೆಯುವುದು 140ಕ್ಕೆ ಮಾತ್ರ. ಸಿಪಿಯುವಿನ ಅರ್ಧಕ್ಕಿಂತ ಹೆಚ್ಚನ್ನು ತಿನ್ನುತ್ತಿದ್ದದ್ದು ರಿಪೋರ್ಟ್‌ಗಳು. ಅಂದರೆ ಓದುವ ಕೆಲಸಕ್ಕೆ ನಾವು ಕೋರ್ (ಪ್ರೊಸೆಸರ್‌ನ ಒಂದು ಘಟಕ) ಲೆಕ್ಕದಲ್ಲಿ ಲೈಸೆನ್ಸ್ ಕಟ್ಟುತ್ತಿದ್ದೆವು!

ಉಪಾಯ ಅಲ್ಲೇ ಹೊಳೆಯಿತು. ಡೇಟಾಬೇಸ್ ಬಿಡುವುದು ಬೇಡ, ಅದನ್ನು ಸಣ್ಣದು ಮಾಡೋಣ. ಬರೆಯುವ ಟೇಬಲ್‌ಗಳ ಮೇಲೆ, ಸಾಲು ಬದಲಾದಾಗ ತಾನಾಗಿ ಓಡುವ ಟ್ರಿಗರ್ ಹಾಕಿ, ಟೇಬಲ್ ಹೆಸರು, ಕೀ ಮತ್ತು ಒಂದು ಸೀರಿಯಲ್ ಸಂಖ್ಯೆ ಇಷ್ಟನ್ನೇ ಜರ್ನಲ್ ಟೇಬಲ್‌ಗೆ ಬರೆಸಿದೆ. ಒಂದು ಪುಟ್ಟ ಪ್ರೋಗ್ರಾಂ ಅದನ್ನು ಓದಿ, ಆ ಸಾಲನ್ನು ಪೋಸ್ಟ್‌ಗ್ರೆಸ್‌ಗೆ ತುಂಬುತ್ತದೆ. ರಿಪೋರ್ಟ್‌ಗಳೆಲ್ಲ ಆ ಕಡೆಗೆ. ಒಂದು ಟೇಬಲ್‌ಗೆ ಒಬ್ಬನೇ ಯಜಮಾನ ಎಂಬ ನಿಯಮವನ್ನು ಮಾತ್ರ ಯಾರು ಬೇಡಿದರೂ ಸಡಿಲಿಸಲಿಲ್ಲ. ಎರಡೂ ಕಡೆ ಬರೆಯಲು ಬಿಟ್ಟರೆ ಎತ್ತು ಏರಿಗೆ, ಕೋಣ ನೀರಿಗೆ.

ಸೀರಿಯಲ್ ಸಂಖ್ಯೆಯ ಕ್ರಮವೂ ಕಮಿಟ್ (ಬರೆದದ್ದು ಖಾಯಂ) ಆದ ಕ್ರಮವೂ ಒಂದೇ ಅಲ್ಲ ಎಂದು ನಿಮಗೆ ಗೊತ್ತೇ ಇದೆ. ಚಿಕ್ಕ ಸಂಖ್ಯೆಯ ಟ್ರಾನ್ಸಾಕ್ಷನ್ ತಡವಾಗಿ ಕಮಿಟ್ ಆದರೆ ಓದುವವನ ಕೈಗೆ ಸಿಗದೇ ಹೋಗುತ್ತದೆ. ಎರಡು ವಾರ ನಿದ್ದೆಗೆಟ್ಟು ಅದಕ್ಕೊಂದು ದಾರಿ ಹುಡುಕಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಕ್ಷಮಿಸಿ. ನನ್ನ ಹೊಟ್ಟೆಪಾಡೂ ಇದೆ.

ನಂತರ ಹಳೆಯ ವರ್ಷಗಳ ದಾಖಲೆ. ಟೇಬಲ್‌ನ ಆ ತುಂಡನ್ನು ಬೇರ್ಪಡಿಸಿ (ಫ್ರಾಗ್ಮೆಂಟ್ ಡಿಟ್ಯಾಚ್) ಆ ಕಡೆ ಕಳಿಸಿದ್ದು ಸುಲಭವಾಯಿತು. ಆಮೇಲೆ ಒಂದೊಂದೇ ಮಾಡ್ಯೂಲ್. ಇನ್‌ಫಾರ್ಮಿಕ್ಸ್‌ನ ಹಳೆಯ ಭಾಷೆ ಫೋರ್‌ಜಿಎಲ್‌ನಲ್ಲಿ ಕೋಡ್ ಬರೆದು ನಿವೃತ್ತರಾದ ಹಿರಿಯರೊಬ್ಬರಿಗೆ ಫೋನ್ ಮಾಡಿ ಒಂದು ವಿಚಿತ್ರ ಷರತ್ತಿನ ಬಗ್ಗೆ ಕೇಳಿದೆ. "ಅದನ್ನ ಮುಟ್ಟಬೇಡಪ್ಪಾ, ಯಾಕೆ ಹಾಕಿದ್ದೆ ಅಂತ ಮರೆತಿದೆ, ಆದರೆ ತೆಗೆದಾಗೆಲ್ಲ ಯಾರೋ ಬೈದಿದ್ದಾರೆ" ಅಂದರು. ಆ ಮಾಡ್ಯೂಲ್ ಇವತ್ತಿಗೂ ಇನ್‌ಫಾರ್ಮಿಕ್ಸ್‌ನಲ್ಲೇ ಇದೆ.

ನಡುವೆ ಸುಮ್ಮನೆ ಒಂದು ಪ್ರಯೋಗ ಮಾಡಿದೆ. ಮೀಟರ್ ರೀಡಿಂಗ್‌ಗಳನ್ನು ಇನ್‌ಫಾರ್ಮಿಕ್ಸ್‌ನ ಟೈಮ್‌ಸೀರೀಸ್ ಟೈಪ್‌ನಲ್ಲಿ ಒಮ್ಮೆ, ಪೋಸ್ಟ್‌ಗ್ರೆಸ್‌ನ ಪಾರ್ಟಿಶನ್ ಮಾಡಿದ (ತುಂಡುಗಳಾಗಿ ಹಂಚಿದ) ಸಾಮಾನ್ಯ ಟೇಬಲ್‌ನಲ್ಲಿ ಒಮ್ಮೆ ಇಟ್ಟು ನೋಡಿದೆ. ಟೈಮ್‌ಸೀರೀಸ್‌ಗೆ ಹಿಡಿದ ಜಾಗ ಮೂರರಲ್ಲೊಂದು ಪಾಲು. ಸರಣಿಗೊಂದೇ ಸಾಲು, ಪ್ರತಿ ರೀಡಿಂಗ್‌ಗೂ ಐಡಿ ಮತ್ತೆ ಮತ್ತೆ ಬರೆಯುವ ಗೋಜಿಲ್ಲ. ಅದನ್ನೂ ಕದಲಿಸಲಿಲ್ಲ.

ಹಣದ ಲೆಕ್ಕ: ಹಳೆಯ ಬಿಲ್ಲು ನೂರು ಎಂದಿಟ್ಟುಕೊಳ್ಳಿ. 16 ಕೋರ್‌ನಿಂದ 4ಕ್ಕೆ ಇಳಿದ ಮೇಲೆ ಮೂವತ್ತರ ಹತ್ತಿರ. ಪೋಸ್ಟ್‌ಗ್ರೆಸ್ ಬಿಟ್ಟಿ ಎನ್ನುವವರು ಇಲ್ಲಿ ಕೇಳಿ: ಒಬ್ಬ ಹೆಚ್ಚಿನ ಆಳು, ಇನ್ನೊಂದು ಸರ್ವರ್, ಅದರ ಬ್ಯಾಕಪ್ ಎಲ್ಲ ಸೇರಿ ಮೂವತ್ತೈದು. ಒಟ್ಟು ಅರವತ್ತೈದು. ಮೊದಲ ಸಲ ಕೈ ಸುಟ್ಟುಕೊಂಡದ್ದನ್ನು ಸೇರಿಸಿದರೆ ಇನ್ನೂ ಗಂಟು ಪೂರ್ತಿ ವಾಪಸ್ ಬಂದಿಲ್ಲ. ಸೇರಿಸದಿದ್ದರೆ ಮೂರನೇ ವರ್ಷಕ್ಕೆ ಬಂತು. ನಮ್ಮ ಮೀಟಿಂಗ್‌ಗಳಲ್ಲಿ ನಾನು ಸೇರಿಸುವುದಿಲ್ಲ.

ಇನ್‌ಫಾರ್ಮಿಕ್ಸ್ ಸಾಯುತ್ತದೆ ಎಂಬ ಮಾತನ್ನು ನಾನು ಕೆಲಸಕ್ಕೆ ಸೇರಿದಾಗಿನಿಂದ ಕೇಳಿದ್ದೇನೆ. 2001ರಲ್ಲಿ ಐಬಿಎಂ 100 ಕೋಟಿ ಡಾಲರ್ ಕೊಟ್ಟು ಕೊಂಡಾಗ, ತನ್ನದೇ ಡೇಟಾಬೇಸ್ ಡಿಬಿ2 ಇರುವ ಮನೆಯಲ್ಲಿ ಇದಕ್ಕೇನು ಜಾಗ ಎಂದರು. 2017ರಲ್ಲಿ ಡೆವಲಪ್‌ಮೆಂಟ್ ಎಚ್‌ಸಿಎಲ್ ಕೈಗೆ ಹೋದಾಗ ಮುಗಿಯಿತು ಎಂದರು. 2019ರಲ್ಲಿ 14.10 ಬಂತು, 2024ರಲ್ಲಿ 15 ಬಂತು. ಹೊಸದಾಗಿ ಇದನ್ನು ಆರಿಸಿಕೊಂಡವರನ್ನು ನಾನು ಹತ್ತು ವರ್ಷದಿಂದ ಕಂಡಿಲ್ಲ, ಆದರೆ ಪೂರ್ತಿ ಬಿಟ್ಟವರನ್ನು ಕಂಡಿರುವುದೂ ಎರಡೋ ಮೂರೋ. ಉಳಿದವರು ನನ್ನಂತೆ ಬಳಕೆಯನ್ನು ಕರಗಿಸುವವರು. ಗ್ರಾಹಕರ ಪಟ್ಟಿಯಲ್ಲಿ ನಾವು ಈಗಲೂ ಒಂದು ಹೆಸರೇ, ನೂರು ಕಟ್ಟುತ್ತಿದ್ದಾಗಲೂ ಒಂದೇ ಹೆಸರಿತ್ತು. ಹಾಗಾಗಿ ಯಾವ ಹಳೆಯ ಡೇಟಾಬೇಸಿನ ಬಗ್ಗೆಯೇ ಆಗಲಿ, ಇಷ್ಟು ಸಾವಿರ ಗ್ರಾಹಕರಿದ್ದಾರೆ ಎಂದು ಯಾರಾದರೂ ಹೇಳಿದರೆ ನಾನು ಕೇಳುವುದು ಒಂದೇ: ಎಷ್ಟು ಕೋರ್? ನನಗೆ ಭಯವಿರುವುದು ಕಂಪನಿ ಬಾಗಿಲು ಹಾಕುವುದರ ಬಗ್ಗೆ ಅಲ್ಲ, ಆ ಹಿರಿಯರ ಫೋನ್ ನಂಬರ್ ಬದಲಾಗುವುದರ ಬಗ್ಗೆ.

ಎರಡು ದೋಣಿಯ ಮಾತು ಹೇಳಿದ್ದವರಲ್ಲಿ ಇಬ್ಬರು ಹೋದ ತಿಂಗಳು ಟ್ರಿಗರ್ ಸ್ಕ್ರಿಪ್ಟ್ ಕೇಳಿದರು. ಕೊಟ್ಟೆ, ಕಮಿಟ್ ಕ್ರಮದ ಭಾಗ ಬಿಟ್ಟು. ಮೊನ್ನೆ ಹಳೆಯ ಸರ್ವರ್‌ನಲ್ಲಿ ಆನ್‌ಸ್ಟ್ಯಾಟ್ ಕೊಟ್ಟು ನೋಡಿದೆ: ಅಪ್, 400 ಚಿಲ್ಲರೆ ದಿನ.