ಲೇಬಲ್ ಹಿಡಿದು ಬಟ್ಟೆ ಕಂಪನಿಗೆ ಬರೆದದ್ದು

ಒಂದು ಕಂಪನಿಯ ಬಟ್ಟೆ ಬೇಡವೆಂದು ಸುಮ್ಮನೆ ಬಿಟ್ಟರೆ ಆ ಕಂಪನಿಗೆ ಗೊತ್ತೇ ಆಗುವುದಿಲ್ಲ. ಯಾಕೆ ಬಿಟ್ಟೆವೆಂದು ಬರೆದು ತಿಳಿಸಬೇಕು. ಮ್ಯಾನ್ಮಾರಿನಲ್ಲಿ (ಹಳೆಯ ಹೆಸರು ಬರ್ಮಾ) ಬಟ್ಟೆ ಹೊಲಿಸುವ ಕಂಪನಿಗಳ ವಿಷಯದಲ್ಲಿ ಅಂಕೋಲೆಯಲ್ಲಿದ್ದುಕೊಂಡು ನಾನು ಮಾಡುತ್ತಿರುವುದು ಅದನ್ನೇ.

ಮ್ಯಾನ್ಮಾರಿನಲ್ಲಿ 2021ರ ಫೆಬ್ರವರಿ 1ರಂದು ಸೇನೆ ಅಧಿಕಾರ ಕಸಿದುಕೊಂಡಿತು. ವಿರೋಧಿಸಿ ಮೊದಲು ಬೀದಿಗಿಳಿದವರಲ್ಲಿ ಯಾಂಗೋನಿನ ಗಾರ್ಮೆಂಟ್ ಕಾರ್ಖಾನೆಗಳ ಹೆಣ್ಣುಮಕ್ಕಳಿದ್ದರು. ಆ ತಿಂಗಳು ಮುಗಿಯುವುದರೊಳಗೆ ಸೇನೆ 16 ಕಾರ್ಮಿಕ ಸಂಘಟನೆಗಳನ್ನು ಕಾನೂನುಬಾಹಿರವೆಂದು ಸಾರಿತು. ಆ ಹೆಣ್ಣುಮಕ್ಕಳು ಹೊಲಿದ ಬಟ್ಟೆ ಮಾತ್ರ ಹೊರದೇಶಗಳಿಗೆ ಹೋಗುತ್ತಲೇ ಇತ್ತು.

ಅಂಗಿಯನ್ನು ಒಳಮಗ್ಗುಲಿಗೆ ತಿರುಗಿಸಿದರೆ ಪಕ್ಕದ ಹೊಲಿಗೆಯಲ್ಲಿ ಸಣ್ಣ ಪಟ್ಟಿಗಳು ಸಿಗುತ್ತವೆ. ಒಗೆಯುವ ಸೂಚನೆಯ ಜೊತೆಗೇ ದೇಶದ ಹೆಸರು, ಸ್ಟೈಲ್ ನಂಬರ್ ಇರುತ್ತದೆ. ಹೊರಗಿನಿಂದ ಬಂದ ಮಾಲಾದರೆ ಆಮದು ಮಾಡಿದವರ ಹೆಸರು, ವಿಳಾಸ ಹಾಕಲೇಬೇಕೆಂದು ನಮ್ಮ ಕಾನೂನೇ ಹೇಳುತ್ತದೆ. ಆನ್‌ಲೈನಿನಲ್ಲಿ ಕೊಂಡರೆ 2020ರ ಇ-ಕಾಮರ್ಸ್ ನಿಯಮಗಳಿವೆ: ಕುಂದುಕೊರತೆ ಅಧಿಕಾರಿಯ ಹೆಸರು ತೋರಿಸಬೇಕು, ದೂರು ತಲುಪಿತೆಂದು ಅವರು 48 ಗಂಟೆಯೊಳಗೆ ತಿಳಿಸಬೇಕು. ನಾನು ಬರೆಯುವುದು ಆ ಅಧಿಕಾರಿಗೇ. ಅದಕ್ಕೆ ಮೊದಲು ಕಾರ್ಖಾನೆಗಳ ಪಟ್ಟಿಯಿರುವ ಜಾಲತಾಣ ಓಪನ್ ಸಪ್ಲೈ ಹಬ್‌ನಲ್ಲಿ ಬ್ರ್ಯಾಂಡಿನ ಹೆಸರು ಹಾಕಿ ನೋಡುತ್ತೇನೆ. ಯಾವ ಊರಿನ ಯಾವ ಕಾರ್ಖಾನೆ ಎಂಬುದು ಎಷ್ಟೋ ಸಲ ಅಲ್ಲೇ ಸಿಗುತ್ತದೆ, ಖರ್ಚಿಲ್ಲ.

ಪತ್ರ ಒಂದೇ ಪುಟ. ಬೈಗುಳವಿಲ್ಲ. ಈ ಅಂಗಿ ಹೊಲಿದ ಕಾರ್ಖಾನೆ ಯಾವುದು? ಅಲ್ಲಿ ಕೆಲಸಗಾರರೇ ಆರಿಸಿದ ಸಂಘ ಇದೆಯೇ? ಮೊದಲು ಕೇಳುತ್ತಿದ್ದದ್ದು ಇವೆರಡೇ.

ಮೂರನೆಯದನ್ನು ಸೇರಿಸಿದ್ದು ನನ್ನ ಹೊಲಿಗೆ ತರಗತಿಗೆ ಬರುವ ಒಬ್ಬಳು. ಬೆಂಗಳೂರಿನ ಗಾರ್ಮೆಂಟ್‌ನಲ್ಲಿ ದುಡಿದು ಊರಿಗೆ ಮರಳಿದವಳು. ಪತ್ರ ಓದಿ, "ಅಕ್ಕೋರೇ, ಆರ್ಡರ್ ನಿಂತ್ರೆ ಮೊದ್ಲು ಕೆಲ್ಸ ಹೋಗೋದು ಹೊಲಿಯೋರದ್ದೇ. ಅವ್ರ ಬಾಕಿ ಸಂಬಳ ಯಾರು ಕೊಡ್ತ್ರು, ಅದ್ನೂ ಕೇಳಿ" ಅಂದಳು. ಅವಳ ಮಾತು ನೂರಕ್ಕೆ ನೂರು ಸರಿ. ಕಂಪನಿ ಹೇಳದೆ ಕೇಳದೆ ಮ್ಯಾನ್ಮಾರ್ ಬಿಟ್ಟು ಓಡಿಹೋದರೆ ಅದೂ ಅನ್ಯಾಯವೇ. ಹಾಗಂತ ಅಲ್ಲೇ ಇರಲಿ ಎಂದೂ ನಾನು ಹೇಳಲಾರೆ. ಹೊರಡಿ ಎಂದು ಕೇಳಿದವರು ಮ್ಯಾನ್ಮಾರಿನ ಕಾರ್ಮಿಕ ಸಂಘದವರೇ. ಜಾಗತಿಕ ಸಂಘಟನೆ ಇಂಡಸ್ಟ್ರಿಆಲ್ ಅವರ ಬೆನ್ನಿಗೆ ನಿಂತಿತು. ಅವರ ಮಾತಿಗಿಂತ ನನ್ನ ಅನುಮಾನ ದೊಡ್ಡದಲ್ಲ.

ಒಂದು ಕಂಪನಿಯಿಂದ ಬಂದ ಉತ್ತರ: "ನಾವು ಆಯಾ ದೇಶದ ಕಾನೂನನ್ನು ಪಾಲಿಸುತ್ತೇವೆ." ಓದಿ ಸಿಟ್ಟು ನೆತ್ತಿಗೇರಿತು. ಸಂಘ ಕಟ್ಟುವುದೇ ಅಪರಾಧವೆನ್ನುವ ಆಡಳಿತದಲ್ಲಿ ಕಾನೂನು ಪಾಲಿಸುವುದೆಂದರೆ ಯಾರ ಪರ ನಿಂತ ಹಾಗಾಯಿತು? ಇದನ್ನೇ ಬರೆದು ಮತ್ತೆ ಕಳಿಸಿದೆ. ಈ ಸಲ ತರಗತಿಯ ಹೆಂಗಸರೂ ತಮ್ಮ ತಮ್ಮ ಹೆಸರಿನಲ್ಲಿ ಬೇರೆ ಬೇರೆ ಪತ್ರ ಹಾಕಿದರು. ಒಂದೇ ಪತ್ರಕ್ಕೆ ಹತ್ತು ಸಹಿ ಹಾಕುವುದಕ್ಕಿಂತ ಇದು ಮೇಲು. ಪ್ರತಿಯೊಂದಕ್ಕೂ ಅವರು ಉತ್ತರ ಕೊಡಬೇಕಾಗುತ್ತದೆ.

"ಅಂಕೋಲೆಯಿಂದ ಬರೆದರೆ ಬರ್ಮಾದಲ್ಲಿ ಏನಾಗ್ತದೆ?" ಎಂದು ಕೇಳುವವರಿದ್ದಾರೆ. 1930ರಲ್ಲಿ ಉಪ್ಪು ಮಾಡಿದ ಊರು ಇದು. ಕರ ಕೊಡೆವೆಂದು ಜಮೀನು ಕಳೆದುಕೊಂಡವರ ಮನೆಗಳು ಇವತ್ತಿಗೂ ಇಲ್ಲಿವೆ. ದೂರದ ಉದಾಹರಣೆಯೂ ಇದೆ. ಹಿಂದಿನ ಸೇನಾಡಳಿತದ ಕಾಲದಲ್ಲಿ ಯುರೋಪಿನ ಗ್ರಾಹಕರು ಪಟ್ಟು ಹಿಡಿದದ್ದರಿಂದ ಒಳಉಡುಪಿನ ಟ್ರಯಂಫ್ ಕಂಪನಿ 2002ರಲ್ಲಿ ಬರ್ಮಾದ ಕಾರ್ಖಾನೆ ಮುಚ್ಚುವುದಾಗಿ ಹೇಳಿತು. ಲೀವೈಸ್ 1992ರಲ್ಲೇ ಹೊರಬಂದಿತ್ತು. ಈಚೆಗೆ ಪ್ರೈಮಾರ್ಕ್, ಇಂಡಿಟೆಕ್ಸ್, ಎಚ್ ಆ್ಯಂಡ್ ಎಂ ಕೂಡ ಹೊರಡುವ ತೀರ್ಮಾನ ಪ್ರಕಟಿಸಿದವು.

ನಾವು ಬರೆದ ಕಂಪನಿ ಕೊನೆಗೂ ಕಾರ್ಖಾನೆಯ ಹೆಸರು ಕೊಟ್ಟಿದೆ. ಬಾಕಿ ಸಂಬಳದ ಬಗ್ಗೆ ಅರ್ಧಂಬರ್ಧ ಹೇಳಿದೆ. ಸಂಘದ ಪ್ರಶ್ನೆಗೆ ಉತ್ತರ ಬಂದಿಲ್ಲ. ದೀಪಾವಳಿ ಮಾರಾಟ ಶುರುವಾಗುವ ಮೊದಲು ಅದೊಂದನ್ನೇ ಮತ್ತೆ ಕೇಳಿ ಬರೆಯುವವರಿದ್ದೇವೆ.