ಮನೆ ಹತ್ತಿರದ ಬೆಟ್ಟ, ಕಡಲು, ತೋಟ: ಬೇ ಏರಿಯಾಕ್ಕೆ ಹೊಸದಾಗಿ ಬಂದವರಿಗೆ

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲಿನ ಈ ಬೇ ಏರಿಯಾಕ್ಕೆ ಬಂದಿಳಿದ ಮೊದಲ ತಿಂಗಳಲ್ಲೇ ಎಲ್ಲರೂ ಕೇಳುವುದು ಯೊಸೆಮಿಟಿ ಯಾವಾಗ, ಲೇಕ್ ಟಾಹೋ ಯಾವಾಗ ಅಂತ. ಖಂಡಿತ ಹೋಗಿ. ಆದರೆ ಅವೆಲ್ಲ ಸುಮಾರು ನಾಲ್ಕು ಗಂಟೆ ದಾರಿ, ವರ್ಷಕ್ಕೆ ಒಂದೋ ಎರಡೋ ಸಲ ಆಗುವ ಪ್ರವಾಸ. ಉಳಿದ ಐವತ್ತು ಶನಿವಾರ ಏನು ಮಾಡುತ್ತೀರಿ? ಕಾಸ್ಟ್‌ಕೋ, ಬಟ್ಟೆ ಒಗೆಯುವುದು, ಟೀವಿ, ಅಷ್ಟರಲ್ಲೇ ಮುಗಿದುಹೋಗುತ್ತದೆ. ಅದಕ್ಕೇ ಸಂಘಕ್ಕೆ ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳುವ ಮಾತು ಇದು: ಮನೆಯಿಂದ ಅರ್ಧ ಗಂಟೆಯೊಳಗೆ ಒಂದು ಜಾಗ ಹುಡುಕಿಕೊಳ್ಳಿ, ಅಲ್ಲಿಗೇ ಮತ್ತೆ ಮತ್ತೆ ಹೋಗಿ. ಮಕ್ಕಳು ಅದನ್ನು "ನಮ್ಮ ಬೆಟ್ಟ" ಅನ್ನುವ ದಿನ ಬರುತ್ತದೆ. ಆಮೇಲೆ ಈ ಊರು ಅಷ್ಟು ಹೊರಗಿನದು ಅನ್ನಿಸುವುದಿಲ್ಲ.

ಮೊದಲು ಕಾಲದ ಲೆಕ್ಕ ತಿಳಿದುಕೊಳ್ಳಿ. ನಮ್ಮ ಕಡೆ ಜೂನ್‌ನಲ್ಲಿ ಮಳೆ ಹಿಡಿಯುತ್ತದೆ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯೇ ಇಲ್ಲ ಅನ್ನಬಹುದು. ಮಳೆ ಏನಿದ್ದರೂ ಹೆಚ್ಚಾಗಿ ನವೆಂಬರ್‌ನಿಂದ ಮಾರ್ಚ್. ಹಾಗಾಗಿ ಬೆಟ್ಟ ನೋಡುವ ಕಾಲ ಜನವರಿಯಿಂದ ಏಪ್ರಿಲ್. ಆಗ ಫ್ರೀಮಾಂಟ್‌ನ ಬೆಟ್ಟಗಳು ಚಿಕ್ಕಮಗಳೂರಿನ ಕಡೆಯ ಹುಲ್ಲುಗಾವಲಿನ ಹಾಗೆ ಹಸಿರಾಗಿರುತ್ತವೆ. ಮೇ ಕಳೆದರೆ ಎಲ್ಲ ಒಣಹುಲ್ಲು. ಎಲ್ಲರೂ ಫೋಟೋ ಹಾಕುವ ಮಿಷನ್ ಪೀಕ್ 2,517 ಅಡಿ ಎತ್ತರ. ಹತ್ತುವುದಕ್ಕೇ ಸುಮಾರು 3 ಮೈಲಿ, ದಾರಿಯಲ್ಲಿ ನೆರಳಿಲ್ಲ. ಆಗಸ್ಟ್ ಮಧ್ಯಾಹ್ನ ಚಿಕ್ಕ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೊರಡಬೇಡಿ.

ಶುರು ಮಾಡುವುದಕ್ಕೆ ಕ್ಯೂಪರ್ಟಿನೋ ಪಕ್ಕದ ರಾಂಚೋ ಸ್ಯಾನ್ ಆಂಟೋನಿಯೋ ಪಾರ್ಕ್ ಒಳ್ಳೆಯದು. ಪಾರ್ಕಿಂಗ್‌ನಿಂದ ಒಂದು ಮೈಲಿ ನಡೆದರೆ ಡಿಯರ್ ಹಾಲೋ ಫಾರ್ಮ್ ಸಿಗುತ್ತದೆ. ಮೇಕೆ, ಕೋಳಿ, ಹಸು ಎಲ್ಲ ಇವೆ. ದಾರಿ ಸಮತಟ್ಟು, ಸ್ಟ್ರೋಲರ್ ಹೋಗುತ್ತದೆ. ಶನಿವಾರ ಎಂಟೂವರೆಯೊಳಗೆ ತಲುಪಿ, ತಡವಾದರೆ ಕಾರಿಗೆ ಜಾಗ ಹುಡುಕುವುದರಲ್ಲೇ ಬೆಳಗ್ಗೆ ಕಳೆಯುತ್ತದೆ. ಊರಿಂದ ಅಪ್ಪ ಅಮ್ಮ ಬಂದಿದ್ದರೆ ಫ್ರೀಮಾಂಟ್‌ನ ಕಯೋಟಿ ಹಿಲ್ಸ್ ನನ್ನ ಮೊದಲ ಆಯ್ಕೆ. ಜೌಗಿನ ಮೇಲೆ ಹಲಗೆ ಹಾಸಿದ ದಾರಿ ಇದೆ, ಎರಡೂ ಕಡೆ ಆಳೆತ್ತರದ ಜೊಂಡು. ಬೆಳ್ಳಕ್ಕಿ, ಬಾತುಕೋಳಿ ಹತ್ತಿರದಲ್ಲೇ ಕಾಣುತ್ತವೆ. ನಮ್ಮ ಮಾವ ಅಲ್ಲಿನ ಬೆಂಚಿನ ಮೇಲೆ ಒಂದು ಗಂಟೆ ಸುಮ್ನೆ ಕೂತು, "ಇದು ನಮ್ಮ ಕೆರೆ ಏರಿ ಥರಾನೇ ಇದೆಯಲ್ಲ" ಅಂದರು. ಅಮೆರಿಕಕ್ಕೆ ಬಂದು ಮೂರು ವಾರವಾದ ಮೇಲೆ ಅವರು ನಕ್ಕಿದ್ದು ಅವತ್ತೇ.

ಇನ್ನು ಕಡಲು. ಕ್ಯಾಲಿಫೋರ್ನಿಯಾ ಬೀಚ್ ಅಂದರೆ ಬಿಸಿಲು ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ನಾವೂ ಜುಲೈನಲ್ಲಿ ಹಾಫ್ ಮೂನ್ ಬೇಗೆ ಹೋದೆವು. ಮನೆ ಬಿಡುವಾಗ 90 ಡಿಗ್ರಿ ಫ್ಯಾರನ್‌ಹೀಟ್, ಅಲ್ಲಿ 60 ಕೂಡ ಇರಲಿಲ್ಲ. ಎದುರಿಗೆ ನೀರೇ ಕಾಣದಷ್ಟು ಮಂಜು. ಅತ್ತೆ ಕಾಟನ್ ಸೀರೆಯಲ್ಲಿ ನಡುಗುತ್ತಾ ಕೂತರು, ಕಾರಿನಲ್ಲಿದ್ದ ಪಿಕ್ನಿಕ್ ಚಾದರವನ್ನೇ ಹೊದಿಸಿದೆವು. ಬೇಸಿಗೆಯಲ್ಲಿ ಕಡಲ ಕಡೆ ಹೋಗುವಾಗ ಪ್ರತಿಯೊಬ್ಬರಿಗೂ ಒಂದೊಂದು ಸ್ವೆಟರ್ ಇರಲಿ. ಬಿಸಿಲಿನ ಬೀಚ್ ಬೇಕಿದ್ದರೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೋಗಿ.

ಒಂದು ಮಾತು ದಯವಿಟ್ಟು ನೆನಪಿಡಿ. ಇದು ಮಲ್ಪೆಯೂ ಅಲ್ಲ, ಗೋಕರ್ಣವೂ ಅಲ್ಲ. ನೀರು ಕೊರೆಯುವಷ್ಟು ತಣ್ಣಗಿರುತ್ತದೆ. ಹತ್ತು ನಿಮಿಷ ಶಾಂತವಾಗಿದ್ದು, ಇದ್ದಕ್ಕಿದ್ದಂತೆ ಒಂದು ದೊಡ್ಡ ಅಲೆ ಮರಳಿನ ಮೇಲೆ ತುಂಬಾ ದೂರ ನುಗ್ಗುತ್ತದೆ. ಇಲ್ಲಿಯವರು ಅದಕ್ಕೆ ಸ್ನೀಕರ್ ವೇವ್ ಅನ್ನುತ್ತಾರೆ. ಕಡಲಿಗೆ ಬೆನ್ನು ಹಾಕಿ ಫೋಟೋಗೆ ನಿಲ್ಲಬೇಡಿ. ಮಕ್ಕಳು ಕೈಗೆ ಸಿಗುವ ದೂರದಲ್ಲೇ ಇರಲಿ. ಮಕ್ಕಳಿಗೆ ನೀರಾಟ ಬೇಕಿದ್ದರೆ ಮಾಸ್ ಬೀಚ್‌ನ ಫಿಟ್ಜ್‌ಜೆರಾಲ್ಡ್ ರಿಸರ್ವ್‌ಗೆ ಇಳಿತದ ಹೊತ್ತು ನೋಡಿಕೊಂಡು ಹೋಗಿ. ಬಂಡೆಗಳ ನಡುವೆ ನಿಂತ ನೀರಿನಲ್ಲಿ ಏಡಿ, ನಕ್ಷತ್ರ ಮೀನು ಹುಡುಕುವುದೇ ಒಂದು ಆಟ. ಆದರೆ ಅಲ್ಲಿಂದ ಒಂದು ಚಿಪ್ಪನ್ನೂ ಮನೆಗೆ ತರುವ ಹಾಗಿಲ್ಲ. ಬಂಡೆ ಜಾರುತ್ತದೆ, ಚಪ್ಪಲಿ ಬೇಡ, ಶೂ ಹಾಕಿ.

ನವೆಂಬರ್‌ನಲ್ಲಿ ಸಾಂತಾ ಕ್ರೂಜ್‌ನ ನ್ಯಾಚುರಲ್ ಬ್ರಿಡ್ಜಸ್‌ಗೆ ಹೋಗಿ. ಅಲ್ಲೊಂದು ನೀಲಗಿರಿ ತೋಪಿದೆ. ಮೊನಾರ್ಕ್ ಚಿಟ್ಟೆಗಳು ಚಳಿಗಾಲ ಕಳೆಯಲು ಅಲ್ಲಿಗೆ ಬರುತ್ತವೆ. ಮೊದಲು ನೋಡಿದಾಗ ಕೊಂಬೆಯಿಂದ ಒಣ ಎಲೆಗಳ ಗೊಂಚಲು ಜೋತುಬಿದ್ದ ಹಾಗೆ ಕಾಣುತ್ತದೆ, "ಚಿಟ್ಟೆ ಎಲ್ಲಿ?" ಅಂತ ಮಕ್ಕಳು ಕೇಳುತ್ತಾರೆ. ಬಿಸಿಲು ಆ ಗೊಂಚಲಿಗೆ ತಾಗುವವರೆಗೆ ಕಾಯಿರಿ. ಒಂದು ರೆಕ್ಕೆ ಬಿಚ್ಚುತ್ತದೆ, ಆಮೇಲೆ ಇನ್ನೊಂದು, ನೋಡನೋಡುತ್ತಾ ಇಡೀ ಕೊಂಬೆ ಕೇಸರಿ ಬಣ್ಣಕ್ಕೆ ತಿರುಗುತ್ತದೆ. ಚಳಿ ಇರುವ ಬೆಳಗ್ಗೆ ಅವು ಹಾರುವುದಿಲ್ಲ, ಹನ್ನೊಂದರ ಮೇಲೆ ಹೋಗಿ. ಒಂದೊಂದು ವರ್ಷ ತುಂಬಾ ಕಡಿಮೆ ಬರುತ್ತವೆ, ಹೊರಡುವ ಮುಂಚೆ ವಿಚಾರಿಸಿ.

ಕಾಡಿನ ದಾರಿಯಲ್ಲಿ ಮಕ್ಕಳಿಗೆ ಮೊದಲು ತೋರಿಸಬೇಕಾದ ಗಿಡ ಪಾಯ್ಸನ್ ಓಕ್. ಒಂದೇ ತೊಟ್ಟಿಗೆ ಮೂರು ಎಲೆ, ಕೆಲವು ಸಲ ಎಣ್ಣೆ ಸವರಿದ ಹಾಗೆ ಹೊಳಪು. ಬೇಸಿಗೆ ಮುಗಿಯುವ ಹೊತ್ತಿಗೆ ಕೆಂಪಾಗಿ ಚಂದ ಕಾಣುತ್ತದೆ, ಮಕ್ಕಳ ಕೈ ಹೋಗುವುದೇ ಆಗ. ಇದು ಮಾವು, ಗೇರಿನ ಕುಟುಂಬದ್ದೇ ಗಿಡ. ಮಾವಿನ ಸೊನೆ ತಾಗಿದರೆ ಬಾಯಿ ಸುತ್ತ ಹುಣ್ಣಾಗುತ್ತದಲ್ಲ, ಅದರ ಹತ್ತರಷ್ಟು ಅಂದುಕೊಳ್ಳಿ. ತುರಿಕೆ ಏಳುವುದು ಒಂದೆರಡು ದಿನ ಬಿಟ್ಟು. ತಾಗಿದೆ ಅನ್ನಿಸಿದರೆ ಕೂಡಲೇ ಸೋಪು ಹಾಕಿ ತೊಳೆಯಿರಿ, ಬಟ್ಟೆಯನ್ನೂ ಒಗೆಯಿರಿ. ಚಳಿಗಾಲದಲ್ಲಿ ಎಲೆ ಉದುರಿ ಬರೀ ಕಡ್ಡಿ ಇರುತ್ತದೆ, ಆ ಕಡ್ಡಿ ಮುಟ್ಟಿದರೂ ಸಾಕು. ನಮ್ಮ ಮಗ ಅಂಥದ್ದೊಂದು ಕಡ್ಡಿ ಹಿಡಿದು ಕತ್ತಿವರಸೆ ಆಡಿದ್ದ. ಎರಡು ವಾರ ರಾತ್ರಿ ನಿದ್ದೆಯಿಲ್ಲ.

ಕಾರಿನಲ್ಲಿ ಬ್ಯಾಗ್ ಕಾಣುವ ಹಾಗೆ ಬಿಡಬೇಡಿ. ಗಾಜು ಒಡೆದು ಎತ್ತಿಕೊಂಡು ಹೋಗುತ್ತಾರೆ. ನಮ್ಮ ಮೊದಲ ವರ್ಷ ಒಂದು ಕಡಲ ತೀರದ ಪಾರ್ಕಿಂಗ್‌ನಲ್ಲಿ ಹೀಗೇ ಆಯಿತು, ಬ್ಯಾಗಿನಲ್ಲಿ ಪಾಸ್‌ಪೋರ್ಟ್ ಇತ್ತು. ಪಾಸ್‌ಪೋರ್ಟ್ ಮನೆಯಲ್ಲೇ ಇರಲಿ. ಎಂಟು ವರ್ಷದೊಳಗಿನ ಮಕ್ಕಳಿಗೆ ಕಾರ್ ಸೀಟ್ ಅಥವಾ ಬೂಸ್ಟರ್ ಕಡ್ಡಾಯ. ಎಷ್ಟೋ ಪಾರ್ಕ್‌ಗಳಲ್ಲಿ ಸೂರ್ಯ ಮುಳುಗಿದ ಮೇಲೆ ಗೇಟ್ ಹಾಕುತ್ತಾರೆ. ರೆಡ್‌ವುಡ್ ಮರಗಳ ಕಾಡಾದ ಮ್ಯೂರ್ ವುಡ್ಸ್‌ಗೆ ಹೋಗುವುದಾದರೆ ಪಾರ್ಕಿಂಗ್ ಮೊದಲೇ ಬುಕ್ ಮಾಡಬೇಕು. ಅಲ್ಲಿ ಫೋನ್ ಸಿಗ್ನಲ್ ಸಿಗುವುದಿಲ್ಲ, ಟಿಕೆಟ್ ಮನೆಯಲ್ಲೇ ಇಳಿಸಿಕೊಳ್ಳಿ.

ಖರ್ಚಿನ ಬಗ್ಗೆ ಎರಡು ಮಾತು. ನಿಮ್ಮೂರ ಲೈಬ್ರರಿಯಲ್ಲಿ ಸ್ಟೇಟ್ ಪಾರ್ಕ್ ಪಾಸ್ ಇದೆಯಾ ಕೇಳಿ. ಪುಸ್ತಕದ ಹಾಗೆ ಎರವಲು ಕೊಡುತ್ತಾರೆ, ಪಾರ್ಕಿಂಗ್ ದುಡ್ಡು ಉಳಿಯುತ್ತದೆ. ಮನೆಯಲ್ಲಿ ನಾಲ್ಕನೇ ಕ್ಲಾಸಿನ ಮಗು ಇದ್ದರೆ ಆ ವರ್ಷ ನ್ಯಾಷನಲ್ ಪಾರ್ಕ್‌ಗಳಿಗೆ ಕುಟುಂಬಕ್ಕೆಲ್ಲ ಉಚಿತ ಪಾಸ್ ಸಿಗುತ್ತದೆ. ಆ ವರ್ಷವನ್ನು ಮಾತ್ರ ಕಳೆದುಕೊಳ್ಳಬೇಡಿ.

ವಾರವಿಡೀ ಮನೆಯಲ್ಲಿರುವವರಿಗೆ, ಅದರಲ್ಲೂ ಕೆಲಸದ ಪರ್ಮಿಟ್ ಇಲ್ಲದೆ ಬಂದ ಅಕ್ಕತಂಗಿಯರಿಗೆ ಒಂದು ಮಾತು. ಮೊದಲ ಆರು ತಿಂಗಳು ತುಂಬಾ ಕಷ್ಟ, ನನಗೆ ಗೊತ್ತು. ಕಾರು ಇಲ್ಲದಿದ್ದರೂ ಸ್ಟೀವನ್ಸ್ ಕ್ರೀಕ್, ಲಾಸ್ ಗ್ಯಾಟೋಸ್ ಕ್ರೀಕ್ ಥರದ ನಡಿಗೆ ದಾರಿಗಳು ಅಪಾರ್ಟ್‌ಮೆಂಟ್‌ಗಳ ಹಿಂದೆಯೇ ಹಾದುಹೋಗುತ್ತವೆ. ಸಂಘದ ವಾಟ್ಸಾಪ್ ಗುಂಪಿನಲ್ಲಿ "ನಾಳೆ ಹತ್ತಕ್ಕೆ ಯಾರು ಬರ್ತೀರಿ?" ಅಂತ ಹಾಕಿ. ಸಂಕೋಚ ಬೇಡ. ನಾನು ಹಾಗೆ ಹಾಕಿದಾಗ ಬಂದವರು ಒಬ್ಬರೇ. ಇವತ್ತಿಗೂ ನಾವಿಬ್ಬರೂ ಜೊತೆಗೇ ನಡೆಯುತ್ತೇವೆ.

ಮೇ ಕೊನೆಗೆ ಬ್ರೆಂಟ್‌ವುಡ್‌ನಲ್ಲಿ ಚೆರ್ರಿ ತೋಟಗಳು ತೆರೆಯುತ್ತವೆ. ನಾವೇ ಕಿತ್ತು, ತೂಕಕ್ಕೆ ದುಡ್ಡು ಕೊಡುವುದು. ಅಕ್ಟೋಬರ್‌ನಲ್ಲಿ ಹಾಫ್ ಮೂನ್ ಬೇ ತುಂಬಾ ಕುಂಬಳಕಾಯಿ. ವಾರಾಂತ್ಯದಲ್ಲಿ ಅಲ್ಲಿಗೆ ಹೋಗುವ 92ನೇ ರಸ್ತೆಯಲ್ಲಿ ಕಾರುಗಳು ಅಲುಗಾಡುವುದಿಲ್ಲ, ಅದಕ್ಕೇ ವಾರದ ದಿನ ಹೋಗಿ. ಬುತ್ತಿಗೆ ಚಿತ್ರಾನ್ನ, ಮೊಸರನ್ನ ಸಾಕು. ಬರುವಾಗ ಕೆತ್ತುವ ದೊಡ್ಡ ಕುಂಬಳದ ಜೊತೆ ಶುಗರ್ ಪೈ ಅನ್ನುವ ಚಿಕ್ಕ ಕಾಯಿಯನ್ನೂ ಎರಡು ತನ್ನಿ. ದೊಡ್ಡದು ಬರೀ ನೀರು ನೀರು. ಚಿಕ್ಕದರಲ್ಲಿ ಹುಳಿ ತುಂಬಾ ಚೆನ್ನಾಗಿ ಆಗುತ್ತದೆ.